ಎಸಿ ಗ್ಯಾಸಿನ ಲೆಕ್ಕ ಯಾರು ಕೊಡಬೇಕು?

ಎಸಿ, ಫ್ರಿಜ್ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಓಝೋನ್ ಪಾಠ ಶುರುವಾದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಮೆರಿಕ, ಯುರೋಪಿನವರು ಬೇಕಾದಷ್ಟು ಗ್ಯಾಸ್ ಬಿಟ್ಟು ಹಾಳು ಮಾಡಿದ್ರು, ಬುದ್ಧಿ ಮಾತ್ರ ನಮಗ್ಯಾಕೆ ಸರ್?" ನ್ಯಾಯವಾದ ಪ್ರಶ್ನೆ. ಭಾರತ ಸರ್ಕಾರವೂ ಒಮ್ಮೆ ಇದನ್ನೇ ಕೇಳಿತ್ತು.

ಹಳೇ ಫ್ರಿಜ್‌ಗಳಲ್ಲಿ ಇದ್ದದ್ದು ಆರ್-12. ಬೆಂಕಿ ಹತ್ತಲ್ಲ, ವಿಷವೂ ಅಲ್ಲ, ಒಳ್ಳೇ ಗ್ಯಾಸ್ ಅಂತಲೇ ಎಲ್ಲರೂ ನಂಬಿದ್ದರು. ಇಂಥ ಗ್ಯಾಸ್‌ಗಳು ಓಝೋನ್ ಪದರವನ್ನು ತಿನ್ನುತ್ತವೆ ಅಂತ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲೇ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ತೂತಿನ ಸುದ್ದಿ ಬಂತು. 1987ರಲ್ಲಿ ಇಂಥ ಗ್ಯಾಸ್ ಕಡಿಮೆ ಮಾಡಲು ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದವಾಯಿತು. ಅದರಲ್ಲಿ ಬಡ ದೇಶಗಳಿಗೆ ಹತ್ತು ವರ್ಷದ ರಿಯಾಯಿತಿ ಇತ್ತು, ಆದರೆ ದುಡ್ಡಿನ ಮಾತು ಗಟ್ಟಿಯಾಗಿ ಇರಲಿಲ್ಲ. ಹೊಸ ಗ್ಯಾಸ್ ಮಾಡುವ ವಿದ್ಯೆ ಕೆಲವೇ ಕಂಪನಿಗಳ ಕೈಯಲ್ಲಿತ್ತು. ಅದನ್ನು ಕೊಳ್ಳುವ ಖರ್ಚು ಯಾರದು ಅಂತ ಪಟ್ಟು ಹಿಡಿದು ಭಾರತ, ಚೀನಾ ಹೊರಗೇ ಉಳಿದವು. 1990ರಲ್ಲಿ ಲಂಡನ್ ಸಭೆ ಒಂದು ನಿಧಿಗೆ ಒಪ್ಪಿತು, ಶ್ರೀಮಂತ ದೇಶಗಳು ಅದಕ್ಕೆ ಹಣ ಹಾಕಬೇಕು ಅಂತಾಯಿತು. ಚೀನಾ 1991ರಲ್ಲಿ, ನಾವು 1992ರಲ್ಲಿ ಸೇರಿದೆವು. ಆರ್-12 ಜಾತಿಯ ಗ್ಯಾಸ್‌ಗಳನ್ನು ಶ್ರೀಮಂತ ದೇಶಗಳು 1996ಕ್ಕೆ ನಿಲ್ಲಿಸಿದವು, ನಾವು 2010ಕ್ಕೆ.

ಪರಿಸರ ದಿನದ ಭಾಷಣಗಳಲ್ಲಿ "ಎಲ್ಲ ದೇಶಗಳಿಗೂ ಸಮಾನ ಹೊಣೆ" ಅಂತಾರಲ್ಲ, ನನಗೆ ಅದು ಸುಮ್ನೆ ಮಾತು ಅನ್ನಿಸುತ್ತದೆ. ಮಾಂಟ್ರಿಯಲ್ ಗೆದ್ದದ್ದೇ ಹೊಣೆ ಸಮಾನವಾಗಿ ಹಂಚದೇ ಇದ್ದಿದ್ದಕ್ಕೆ: ಯಾರು ಮೊದಲು ನಿಲ್ಲಿಸಬೇಕು, ಯಾರು ದುಡ್ಡು ಕೊಡಬೇಕು, ಯಾವ ಇಸವಿಯೊಳಗೆ, ಎಲ್ಲಾ ಕಾಗದದ ಮೇಲೆ ಇತ್ತು. ಹವಾಮಾನದ ವಿಷಯದಲ್ಲಿ ನೋಡಿ. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡ್ತೀವಿ ಅಂತ 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟ ಶ್ರೀಮಂತ ದೇಶಗಳು ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಸಾಲದ ರೂಪದಲ್ಲಿ ಬಂದದ್ದೇ ಜಾಸ್ತಿ.

ಹಾಗಂತ ನಮ್ಮ ಕಡೆಯ ದೇಶಗಳಿಗೆ ಪೂರ್ತಿ ಮಾಫಿ ಇಲ್ಲ. ನಿಷೇಧವಾಗಿದ್ದ, ಆರ್-12 ಜಾತಿಯದ್ದೇ ಆದ ಸಿಎಫ್‌ಸಿ-11 ಗಾಳಿಯಲ್ಲಿ ಮತ್ತೆ ಸೇರುತ್ತಿದೆ ಅಂತ 2018ರಲ್ಲಿ ಗೊತ್ತಾಯಿತು. ದಕ್ಷಿಣ ಕೊರಿಯಾ ಮತ್ತು ಜಪಾನಿನ ಗಾಳಿ ಅಳೆಯುವ ಕೇಂದ್ರಗಳ ಲೆಕ್ಕ ಪೂರ್ವ ಚೀನಾದ ಕಡೆ ಬೆರಳು ತೋರಿಸಿತು. ಅಲ್ಲಿ ಬಿಗಿ ಮಾಡಿದ ಮೇಲೆ ಇಳಿಯಿತು.

ಇನ್ನು ನಮ್ಮ ಕೈಯಲ್ಲಿರುವ ಸ್ಪ್ಯಾನರ್ ವಿಷಯ. ಸ್ಪ್ಲಿಟ್ ಎಸಿ ಬಿಚ್ಚುವ ಮುಂಚೆ ಪಂಪ್ ಡೌನ್ ಮಾಡಬೇಕು. ಮಷೀನ್ ಓಡುತ್ತಿರುವಾಗಲೇ ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಗ್ಯಾಸೆಲ್ಲ ಔಟ್‌ಡೋರ್ ಯೂನಿಟ್‌ಗೆ ಬಂದ ಮೇಲೆ ದಪ್ಪ ಪೈಪಿನದ್ದನ್ನೂ ಮುಚ್ಚಿ ಆಫ್ ಮಾಡುವುದು. ಕೆಲವೇ ನಿಮಿಷದ ಕೆಲಸ. ಎಷ್ಟೋ ಕಡೆ ನಡೆಯುವುದು ಬೇರೆ: ಸೀದಾ ಪೈಪ್ ಜೋಡಿಸುವ ಫ್ಲೇರ್ ನಟ್ ಸಡಿಲ ಮಾಡ್ತಾರೆ, ಬುಸ್ ಅಂತ ಎಲ್ಲಾ ಗಾಳಿಗೆ. ಹಳೇ ಎಸಿಯ ಆರ್-22 ಒಂದು ಕೆಜಿ ಹೋದರೆ ಸುಮಾರು 1.8 ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ. ಹೊಸದರ ಆರ್-32 ಓಝೋನಿಗೆ ತೊಂದರೆ ಕೊಡಲ್ಲ, ಆದರೂ ಭೂಮಿ ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 675 ಪಟ್ಟು ಜೋರು.

ತಪ್ಪು ಬರೀ ಮೆಕ್ಯಾನಿಕ್‌ನದ್ದಲ್ಲ. ನಟ್ ಸುತ್ತ ಎಣ್ಣೆ ಜಿಡ್ಡು ಕಂಡರೆ ಲೀಕ್ ಅಲ್ಲೇ ಅಂತ ಅವನಿಗೂ ಗೊತ್ತು. ಸರಿ ಮಾಡ್ತೀನಿ ಅಂದರೆ "ಅದೆಲ್ಲ ಬೇಡ, ಗ್ಯಾಸ್ ಹಾಕಿ ಹೋಗಪ್ಪಾ" ಅನ್ನುವ ಗಿರಾಕಿ ಪ್ರತಿ ಬೇಸಿಗೆಗೆ ಅದನ್ನೇ ಹೇಳುತ್ತಾನೆ.

ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿ ಈಗಿನ ಆರ್-32ರಂಥ ಎಚ್‌ಎಫ್‌ಸಿ ಗ್ಯಾಸ್‌ಗಳಿಗೂ ಗಡುವು ಹಾಕಿದೆ. ಶ್ರೀಮಂತ ದೇಶಗಳು 2019ರಿಂದಲೇ ಇಳಿಸುತ್ತಿವೆ. ನಾವು 2028ಕ್ಕೆ ಮಿತಿ ಹಾಕಿಕೊಂಡು, 2032ರಿಂದ ಕಡಿಮೆ ಮಾಡುತ್ತಾ 2047ಕ್ಕೆ ಶೇ. 85ರಷ್ಟು ಇಳಿಸಬೇಕು. ದುಡ್ಡಿರುವ ಕತಾರ್, ಕುವೈತ್ ಕೂಡ ನಮ್ಮದೇ ಸಾಲಿನಲ್ಲಿವೆ, ಅದು ಮಾತ್ರ ನನಗೆ ಸರಿ ಕಾಣಲ್ಲ. ಇಲ್ಲಿಗೆ ಬಂದರೆ, ಮನೆ ಬದಲಿಸುವಾಗ ಎಸಿ ಬಿಚ್ಚಲು ಬಂದವರನ್ನು "ಪಂಪ್ ಡೌನ್ ಮಾಡ್ತೀರಾ?" ಅಂತ ಮೊದಲೇ ಕೇಳಿ. ಅದಕ್ಕೆ ಬೇರೆ ಯಂತ್ರವೂ ಬೇಡ. ಕಂಪ್ರೆಸರ್ರೇ ಕೆಟ್ಟಿದ್ದರೆ ಮಾತ್ರ ಗ್ಯಾಸ್ ಎಳೆದುಕೊಳ್ಳುವ ರಿಕವರಿ ಮಷೀನ್ ಬೇಕು, ಅದನ್ನು ತರುವವರಿಗೆ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ.