ದುರ್ವಾಸನೆ ಮರದ ಮದ್ದು

ಪಶ್ಚಿಮ ಘಟ್ಟದ ಕಾಡಿನಲ್ಲಿ ಅಷ್ಟೇನೂ ಎತ್ತರ ಬೆಳೆಯದ ಒಂದು ಮರವಿದೆ. ಅದರ ಹೂವಿಗೆ ಕೆಟ್ಟ ನಾತ. ಹಾಗಾಗಿ ಕನ್ನಡದಲ್ಲಿ ಅದರ ಹೆಸರೇ ದುರ್ವಾಸನೆ ಮರ. ಸಸ್ಯವಿಜ್ಞಾನಿಗಳು ಹಿಂದೆ ಇಟ್ಟಿದ್ದ ಹೆಸರು ಮಾಪ್ಪಿಯ ಫೀಟಿಡ. ಫೀಟಿಡ ಎಂದರೂ ನಾರುವಂಥದ್ದು ಎಂದೇ ಅರ್ಥ. ಈಗ ಅದನ್ನು ನೋಥಪೊಡೈಟಿಸ್ ನಿಮ್ಮೋನಿಯಾನ ಎನ್ನುತ್ತಾರೆ. ಈ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ಇದೆಯೆಂದು ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ 1972ರಲ್ಲಿ ತೋರಿಸಿದರು. ದೊಡ್ಡ ಕರುಳಿನ ಕ್ಯಾನ್ಸರಿಗೆ ಡ್ರಿಪ್ಪಿನಲ್ಲಿ ಕೊಡುವ ಇರಿನೊಟೆಕಾನ್ ಹುಟ್ಟಿದ್ದು ಆ ರಾಸಾಯನಿಕದಿಂದ.

ಕ್ಯಾಂಪ್ಟೊಥೆಸಿನ್ ಮೊದಲು ಸಿಕ್ಕಿದ್ದು ಚೀನಾ ಮೂಲದ ಇನ್ನೊಂದು ಮರದಲ್ಲಿ. ಅಮೆರಿಕದ ಉತ್ತರ ಕೆರೊಲಿನದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ ಅದರ ರಚನೆಯನ್ನು 1966ರಲ್ಲಿ ಪ್ರಕಟಿಸಿದರು. ಐದು ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಚಪ್ಪಟೆ ಅಣು ಅದು. ಐದನೆಯ ಉಂಗುರ ಮಾತ್ರ ಚಂಚಲ: ಆಮ್ಲೀಯ ದ್ರವದಲ್ಲಿ ಮುಚ್ಚಿಕೊಂಡಿರುತ್ತದೆ, ಕ್ಷಾರದ ಕಡೆಗೆ ಹೋದಂತೆ ತೆರೆದುಕೊಳ್ಳುತ್ತದೆ. ಮುಚ್ಚಿದ ಉಂಗುರಕ್ಕೇ ಕ್ಯಾನ್ಸರ್ ಕೋಶ ಕೊಲ್ಲುವ ಬಲ. ತೆರೆದರೆ ಮದ್ದು ಹೆಚ್ಚುಕಡಿಮೆ ನಿಷ್ಕ್ರಿಯ.

ಇದನ್ನು ಅರಿಯದೆ ಆದ ಅನಾಹುತ ದೊಡ್ಡದು. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ 1970ರ ಸುಮಾರಿಗೆ ಅದನ್ನು ಸೋಡಿಯಂ ಲವಣವಾಗಿಸಿ ರೋಗಿಗಳಿಗೆ ಚುಚ್ಚಿ ನೋಡಿದರು. ಲವಣವಾಗಿಸುವುದೆಂದರೆ ಆ ಐದನೆಯ ಉಂಗುರವನ್ನು ತೆರೆಯುವುದೆಂದೇ ಅರ್ಥ. ಗೆಡ್ಡೆಯ ಮೇಲೆ ಆದ ಪರಿಣಾಮ ಅಲ್ಪ. ಆದರೆ ಮೂತ್ರ ಸಾಮಾನ್ಯವಾಗಿ ಆಮ್ಲೀಯ. ಅಲ್ಲಿಗೆ ಬಂದ ಮದ್ದಿನ ಉಂಗುರ ಮತ್ತೆ ಮುಚ್ಚಿಕೊಂಡು ಮೂತ್ರಕೋಶದ ಒಳಪದರವನ್ನೇ ಸುಟ್ಟಿತು. ರೋಗಿಗಳಿಗೆ ರಕ್ತಮೂತ್ರವಾಯಿತು, ಪ್ರಯೋಗ ನಿಂತಿತು. ಒಳ್ಳೆಯ ಮದ್ದೊಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೂಲೆಗೆ ಬಿದ್ದಿತು.

1985ರಲ್ಲಿ ಲೆರಾಯ್ ಲಿಯು ಅವರ ತಂಡ ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿಟ್ಟಿತು. ಕೋಶ ವಿಭಜನೆಗೆ ಮುನ್ನ ಡಿಎನ್‌ಎ ಎಳೆಗಳು ಬಿಚ್ಚಿಕೊಳ್ಳುವಾಗ ಮುಂದಿನ ಭಾಗ ಹುರಿಗೊಳ್ಳುತ್ತದೆ, ಎರಡೆಳೆಯ ಹಗ್ಗವನ್ನು ಒಂದು ತುದಿಯಿಂದ ಬಿಡಿಸಿದಂತೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದೆಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಆ ಕತ್ತರಿಸಿದ ಜಾಗದಲ್ಲಿ ಬೆಣೆಯಂತೆ ಕೂರುತ್ತದೆ, ಬೆಸುಗೆ ಆಗುವುದಿಲ್ಲ. ಡಿಎನ್‌ಎ ನಕಲು ಮಾಡುವ ಯಂತ್ರಾಂಗ ಬಂದು ಅಲ್ಲಿಗೆ ಡಿಕ್ಕಿ ಹೊಡೆದಾಗ ಎರಡೂ ಎಳೆ ತುಂಡಾಗಿ ಕೋಶ ಸಾಯುತ್ತದೆ. ಪದೇಪದೇ ವಿಭಜಿಸುವ ಕೋಶಗಳಿಗೇ ಹೆಚ್ಚು ಪೆಟ್ಟು. ಕ್ಯಾನ್ಸರ್ ಕೋಶಗಳ ಜೊತೆಗೆ ಕರುಳಿನ ಒಳಪದರ ಮತ್ತು ಮೂಳೆಮಜ್ಜೆಯೂ ಆ ಸಾಲಿಗೆ ಸೇರುತ್ತವೆ.

ಜಪಾನಿನಲ್ಲಿ, ನಮ್ಮ ಅಂಗಡಿಗಳಲ್ಲೂ ಪುಟ್ಟ ಬಾಟಲಿಯಲ್ಲಿ ಸಿಗುವ ಹುದುಗು ಹಾಲಿನ ಯಾಕುಲ್ಟ್ ಕಂಪನಿ, ಉಂಗುರವನ್ನು ತೆರೆಯದೆ ಇನ್ನೊಂದು ತುದಿಗೆ ನೀರಿನಲ್ಲಿ ಕರಗುವ ಬಾಲವನ್ನು ಜೋಡಿಸಿತು. ಇದೇ ಇರಿನೊಟೆಕಾನ್. ಜಪಾನಿನಲ್ಲಿ 1994ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು.

ವಾರ್ಡಿನಲ್ಲಿ ಅನುಸರಿಸುವ ಹಲವು ನಿಯಮಗಳ ಬೇರು ಇದೇ ರಸಾಯನಶಾಸ್ತ್ರದಲ್ಲಿದೆ. 162 ಸೆಂ.ಮೀ. ಎತ್ತರ, 50 ಕೆ.ಜಿ. ತೂಕದವರ ಮೈಮೇಲ್ಮೈ 1.5 ಚದರ ಮೀಟರ್. ಇರಿನೊಟೆಕಾನನ್ನು ಬೇರೆ ಮದ್ದುಗಳ ಜೊತೆ ಎರಡು ವಾರಕ್ಕೊಮ್ಮೆ ಕೊಡುವ ಫೋಲ್ಫಿರಿ ಕ್ರಮದಲ್ಲಿ ಚದರ ಮೀಟರಿಗೆ 180 ಮಿ.ಗ್ರಾಂ., ಅಂದರೆ ಇವರಿಗೆ 270 ಮಿ.ಗ್ರಾಂ. ವಯಲ್‌ನಲ್ಲಿ ಮಿ.ಲೀ.ಗೆ 20 ಮಿ.ಗ್ರಾಂ. ಇರುವುದರಿಂದ 13.5 ಮಿ.ಲೀ. ಎಳೆದು, 250 ಮಿ.ಲೀ. ಬಾಟಲಿಗೆ ಸೇರಿಸಿ, 90 ನಿಮಿಷದಲ್ಲಿ ಹರಿಸುತ್ತಾರೆ. ಬಾಟಲಿ ಶೇ. 5 ಡೆಕ್ಸ್‌ಟ್ರೋಸ್ ಇದ್ದರೆ ಒಳ್ಳೆಯದು. ಅದು ತುಸು ಆಮ್ಲೀಯ, ಉಂಗುರ ಮುಚ್ಚಿಯೇ ಇರುತ್ತದೆ. ಸಲೈನ್‌ನಲ್ಲೂ ಬೆರೆಸಬಹುದು, ಆದರೆ ಬೆರೆಸಿದ್ದನ್ನು ಫ್ರಿಜ್ಜಿನಲ್ಲಿಡಬಾರದು. ಕೆಲವೊಮ್ಮೆ ಕಣಗಳು ಕಾಣಿಸಿಕೊಳ್ಳುತ್ತವೆ. ತಿಳಿಹಳದಿಯ ಈ ದ್ರವಕ್ಕೆ ಬೆಳಕೂ ಆಗದು.

ಡ್ರಿಪ್ ಹೋಗುತ್ತಿರುವಾಗಲೇ ಅಥವಾ ಅದೇ ದಿನ ಕೆಲವರಿಗೆ ಬೆವರು, ಜೊಲ್ಲು, ಕಣ್ಣೀರು, ಹೊಟ್ಟೆನುಲಿತ, ಭೇದಿ ಶುರುವಾಗುತ್ತದೆ. ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವಕ್ಕೆ ಇರಿನೊಟೆಕಾನ್ ಅಡ್ಡಿ ಮಾಡುವುದೇ ಕಾರಣ. 0.25ರಿಂದ 1 ಮಿ.ಗ್ರಾಂ. ಅಟ್ರೊಪಿನ್ ಚುಚ್ಚಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಹೇಳಿಕೊಳ್ಳಲು ಮುಜುಗರಪಡದೆ ಆಗಲೇ ನರ್ಸಿಗೆ ತಿಳಿಸಬೇಕು.

24 ಗಂಟೆ ಕಳೆದ ಮೇಲೆ ಬರುವ ಭೇದಿ ಬೇರೆಯೇ, ಅಪಾಯ ಇರುವುದು ಅದರಲ್ಲಿ. ಮುಖ್ಯವಾಗಿ ಲಿವರಿನಲ್ಲಿ ಇರಿನೊಟೆಕಾನ್‌ನ ಬಾಲ ಕಳಚಿ, ಅದಕ್ಕಿಂತ ನೂರಾರು ಪಟ್ಟು ತೀಕ್ಷ್ಣವಾದ ಎಸ್‌ಎನ್-38 ಹುಟ್ಟುತ್ತದೆ. ಕೆಲಸ ಮುಗಿದ ಮೇಲೆ ಯುಜಿಟಿ1ಎ1 ಎಂಬ ಕಿಣ್ವ ಅದಕ್ಕೊಂದು ಸಕ್ಕರೆಯ ತುಂಡು ಅಂಟಿಸಿ, ನಿಷ್ಕ್ರಿಯಗೊಳಿಸಿ, ಪಿತ್ತರಸದೊಂದಿಗೆ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಗಾಗಿ ಬಂಧವನ್ನು ಕತ್ತರಿಸುತ್ತವೆ. ಎಸ್‌ಎನ್-38 ಮತ್ತೆ ಎಚ್ಚರಗೊಂಡು ಕರುಳಿನ ಪದರವನ್ನು ಸುಲಿಯುತ್ತದೆ.

ಕೆಲವರಲ್ಲಿ ಯುಜಿಟಿ1ಎ1 ಹುಟ್ಟಿನಿಂದಲೇ ನಿಧಾನ. ಆ ಜೀನಿನ ಆರಂಭದಲ್ಲಿ ಟಿಎ ಎಂಬ ಅಕ್ಷರಜೋಡಿ ಆರು ಬಾರಿ ಬರಬೇಕಾದಲ್ಲಿ ಏಳು ಬಾರಿ ಬಂದಿರುತ್ತದೆ. ಉಪವಾಸ ಮಾಡಿದಾಗ, ಜ್ವರ ಬಂದಾಗ ಕಣ್ಣು ತುಸು ಹಳದಿಯಾಗಿ ತಾನೇ ಸರಿಹೋಗುವ ಗಿಲ್ಬರ್ಟ್ ಸಿಂಡ್ರೋಮ್ ಇರುವವರು ಇವರೇ. ತಂದೆ, ತಾಯಿ ಇಬ್ಬರಿಂದಲೂ ಈ ಬದಲಾವಣೆ ಬಂದಿದ್ದರೆ ಮೊದಲ ಡೋಸನ್ನು ಇಳಿಸಿ ಆರಂಭಿಸಬೇಕು. ರಕ್ತಪರೀಕ್ಷೆಯೊಂದರಿಂದ ತಿಳಿಯುವ ಸಂಗತಿಯಿದು. ಮದ್ದು ಶುರುವಾಗುವ ಮೊದಲೇ ಕೇಳಿ ಮಾಡಿಸಿಕೊಳ್ಳುವುದು ಮೇಲು.

ಮನೆಗೆ ಹೊರಡುವಾಗ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಚೀಲದಲ್ಲಿರಬೇಕು, ಬಳಸುವ ಕ್ರಮವನ್ನು ವೈದ್ಯರಿಂದ ಬರೆಸಿಕೊಂಡಿರಬೇಕು. ಸಾಮಾನ್ಯ ಕ್ರಮ ಹೀಗೆ: ಮೊದಲ ನೀರು ಭೇದಿಗೇ 4 ಮಿ.ಗ್ರಾಂ., ಆಮೇಲೆ ಎರಡು ಗಂಟೆಗೊಮ್ಮೆ 2 ಮಿ.ಗ್ರಾಂ., ಭೇದಿ ನಿಂತು 12 ಗಂಟೆ ಆಗುವವರೆಗೆ. ಮಾಮೂಲಿ ಭೇದಿಗೆ ಇಷ್ಟು ಕೊಡುವುದಿಲ್ಲ, ಹಾಗಾಗಿ ಔಷಧಿ ಅಂಗಡಿಯವರು ಹೆಚ್ಚಾಯಿತು ಎಂದರೆ ವೈದ್ಯರ ಚೀಟಿ ತೋರಿಸಿ. ಜೊತೆಗೆ ಓಆರ್‌ಎಸ್, ಉಪ್ಪು ಹಾಕಿದ ಗಂಜಿ ತಿಳಿ ಕುಡಿಯಬೇಕು. ಹಾಲು ಮಾತ್ರ ಬೇಡ. "ನಾಳೆ ಬೆಳಿಗ್ಗೆವರೆಗೆ ನೋಡೋಣ" ಎಂದು ಕಾಯುವುದರಿಂದಲೇ ಹಲವರು ನೀರಿನಂಶ ಕಳೆದುಕೊಂಡು ಐಸಿಯು ಸೇರುತ್ತಾರೆ. ಭೇದಿ ಒಂದು ದಿನಕ್ಕೆ ಹಿಡಿತಕ್ಕೆ ಬಾರದಿದ್ದರೆ ಅಥವಾ ಅದರ ಜೊತೆ ಜ್ವರ ಕಾಣಿಸಿಕೊಂಡರೆ ಮಾತ್ರೆಯ ಲೆಕ್ಕ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಬಿಳಿ ರಕ್ತಕಣ ಕುಸಿದಿರುವ ಹೊತ್ತಿನಲ್ಲಿ ಸುಲಿದ ಕರುಳಿನಿಂದ ಸೋಂಕು ನೇರ ರಕ್ತಕ್ಕೆ ಇಳಿಯುತ್ತದೆ. ರಾತ್ರಿ ಎರಡು ಗಂಟೆಯಾಗಿದ್ದರೂ ಆಗಲೇ ಹೊರಡಿ.