ಒಣಗಿದ ಅತ್ತಿಮರವನ್ನು ಕಡಿಸಬೇಕೇ?

ಕಳೆದ ಮಳೆಗಾಲದಲ್ಲಿ ಸಕಲೇಶಪುರ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿದ್ದರು. ಅರೇಬಿಕಾ ಕಾಫಿ ತೋಟದ ಅಂಚಿನಲ್ಲಿದ್ದ ಹಳೆಯ ಅತ್ತಿಮರ ಒಣಗಿದೆ, ಮೈತುಂಬ ತೂತು, ಬುಡದಲ್ಲಿ ಹಿಟ್ಟು ಸುರಿದಿದೆ. "ಕೊರಕದ ಹುಳು ಅಲ್ಲಿಂದಲೇ ಕಾಫಿಗೆ ಬರುತ್ತಿದೆ ಸಾರ್, ನಾಳೆಯೇ ಕಡಿಸಿ ಸುಡಿಸುತ್ತೇನೆ" ಎಂದರು. ನಾನು ಬಂದು ನೋಡುವವರೆಗೆ ಗರಗಸ ಹಾಕಿಸಬೇಡಿ ಎಂದು ಕೇಳಿಕೊಂಡೆ.

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬಿಳಿ ಕಾಂಡಕೊರಕ ಎಷ್ಟು ತೋಟಗಳನ್ನು ಬರಿದು ಮಾಡಿದೆ ಎಂಬುದು ಅರೇಬಿಕಾ ಬೆಳೆಯುವವರಿಗೆಲ್ಲ ಗೊತ್ತು. ಆದರೆ ಆ ಹುಳುವಿಗೆ ಬೇಕಿರುವುದು ಜೀವಂತ ಕಾಫಿ ಗಿಡ. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾರಾಡುವ ಹೆಣ್ಣು ದುಂಬಿ, ನೆರಳಿಲ್ಲದೆ ಬಿಸಿಲು ಬೀಳುವ ಕಾಂಡವನ್ನು ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಅತ್ತಿಮರದಲ್ಲಿ ನಾನು ಕಂಡ ತೂತುಗಳಲ್ಲಿ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ಅದು ಉದ್ದ ಮೀಸೆಯ ದೊಡ್ಡ ದುಂಬಿಯ ಕೆಲಸ. ಬಳಲಿದ ಅತ್ತಿ, ಮಾವು, ಹಲಸಿಗೆ ಅದು ಹತ್ತೀತು, ಕಾಫಿಗೆ ಹತ್ತುವುದಿಲ್ಲ. ಒಂದೇ ವಂಶದ ಹುಳುಗಳಾದರೂ ಒಂದರ ಊಟ ಇನ್ನೊಂದಕ್ಕೆ ಆಗದು.

ಮರದ ಕೆಳಗೆ ಎರಡು ವರ್ಷದ ಹಿಂದೆ ಮುರಿದುಬಿದ್ದ ಕೊಂಬೆಯೊಂದು ಲಡ್ಡಾಗಿ, ಅಂದರೆ ಕೊಳೆತು ಮೆತ್ತಗಾಗಿ, ಬಿದ್ದಿತ್ತು. ಕತ್ತಿಯ ತುದಿಯಿಂದ ಮೆಲ್ಲಗೆ ಬಿಡಿಸಿದೆವು. ಕಂದು ಪುಡಿಯ ನಡುವೆ ಎಣ್ಣೆ ಸವರಿದಂತೆ ಹೊಳೆಯುವ ಎರಡು ಕಪ್ಪು ದುಂಬಿಗಳು, ಅವುಗಳ ಹಿಂದೆಯೇ ನಾಲ್ಕೈದು ಬಿಳಿ ಮರಿಹುಳುಗಳು. ಒಂದು ದುಂಬಿಯನ್ನು ಅಂಗೈಯಲ್ಲಿಟ್ಟು ಬೆಳೆಗಾರರ ಕಿವಿಯ ಹತ್ತಿರ ಹಿಡಿದೆ. ಕಿರ್ ಕಿರ್ ಎಂದು ಸಣ್ಣ ಸದ್ದು ಬಂತು. ಅವರು ಬೆರಗಾಗಿ ನನ್ನ ಮುಖ ನೋಡಿದರು. ಇವಕ್ಕೆ ವಿಜ್ಞಾನಿಗಳು ಪಸ್ಸಾಲಿಡ್ ಎನ್ನುತ್ತಾರೆ. ತಂದೆ ತಾಯಿ ಇಬ್ಬರೂ ಮರಿಗಳ ಜೊತೆಯಲ್ಲೇ ಇದ್ದು ಕಟ್ಟಿಗೆಯನ್ನು ಅಗಿದು ಮೆದು ಮಾಡಿಕೊಡುತ್ತವೆ. ಮರಿಗೂ ಸದ್ದು ಮಾಡಲು ಬರುತ್ತದೆ: ಅದರ ಮೂರನೆಯ ಜೊತೆ ಕಾಲು ನಡೆಯುವುದಕ್ಕಲ್ಲ, ಉಜ್ಜಿ ಸದ್ದು ಹೊರಡಿಸುವುದಕ್ಕೆಂದೇ ಮೋಟಾಗಿ ಉಳಿದಿದೆ. ಮೂವತ್ತು ವರ್ಷದಿಂದ ಈ ಸದ್ದು ಕೇಳುತ್ತಿದ್ದೇನೆ, ಇನ್ನೂ ಸಾಕೆನಿಸಿಲ್ಲ. ಈ ಕುಟುಂಬ ನಿಂತ ಹಸಿ ಮರದ ಹತ್ತಿರವೂ ಸುಳಿಯುವುದಿಲ್ಲ. ಕೊಳೆತ ದಿಮ್ಮಿ ಇಲ್ಲದ ತೋಟದಲ್ಲಿ ಅದಕ್ಕೆ ಮನೆಯೇ ಇಲ್ಲ.

ಮರ ಸತ್ತ ಮೇಲೆ ಹುಳುಗಳು ಸರದಿಯಂತೆ ಬರುತ್ತವೆ. ತೊಗಟೆಯಡಿ ಇನ್ನೂ ರಸವಿರುವಾಗ ಉದ್ದ ಮೀಸೆಯ ದುಂಬಿಗಳು, ಶಿಲೀಂಧ್ರವನ್ನು ಮೈಮೇಲೆ ಹೊತ್ತು ತಂದು ಸುರಂಗದೊಳಗೆ ಬೆಳೆಸಿಕೊಂಡು ತಿನ್ನುವ ಸೂಜಿಮೊನೆಯಷ್ಟು ಸಣ್ಣ ದುಂಬಿಗಳು. ಹೊರಮೈಯ ಬಿಳಿ ಕಟ್ಟಿಗೆ ಒಣಗಿದಾಗ ಕುಟ್ಟೆ ಹುಳು. ಅಣಬೆ ಹಿಡಿದು ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಮೆತ್ತಗಾದ ಮೇಲೆಯೇ ಪಸ್ಸಾಲಿಡ್‌ಗಳ ಕಾಲ. ಒಬ್ಬರು ಕೊರೆದ ದಾರಿಯಲ್ಲಿ ನೀರು, ಅಣಬೆ, ಮುಂದಿನವರು ನುಗ್ಗುತ್ತಾರೆ. ಆರು ಖಂಡಗಳ 55 ಕಾಡುಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನ ಒಣಮರಗಳು ಕರಗಿ ಬಿಡುಗಡೆಯಾಗುವ ಇಂಗಾಲದಲ್ಲಿ ಸುಮಾರು ಶೇ. 29ರಷ್ಟರ ಹಿಂದೆ ಕೀಟಗಳ ಕೈವಾಡವಿದೆ. ಫಿನ್‌ಲ್ಯಾಂಡಿನಂಥ ಚಳಿ ನಾಡಿನ ಕಾಡಿನಲ್ಲೂ ಜೀವಜಾತಿಗಳ ಐದರಲ್ಲೊಂದು ಪಾಲು ಒಣಮರವನ್ನೇ ನೆಚ್ಚಿಕೊಂಡಿದೆ. ಅಲ್ಲಿ ಮರ ಕಡಿಯುವವರು ಆಳೆತ್ತರದ ಮೋಟುಗಳನ್ನು ಬೇಕೆಂದೇ ಬಿಟ್ಟುಬರುತ್ತಾರೆ.

ಕುಟ್ರುಹಕ್ಕಿ ಗೂಡು ಕೊರೆಯುವುದು ಮೆತ್ತಗಾದ ಒಣಕೊಂಬೆಯಲ್ಲಿ. ಮಂಗಟ್ಟೆಗೆ ಹಳೆ ಮರದ ಪೊಟರೆಯೇ ಬೇಕು. ಏಲಕ್ಕಿ ಹೂವಿಗೆ ಬರುವ ತುಡುವೆ ಜೇನು ಕಟ್ಟುವುದೂ ಪೊಟರೆಯಲ್ಲಿ. ಪ್ಯಾಶನ್ ಫ್ರೂಟ್ ಕಾಯಿ ಕಚ್ಚಲು ಬೇಕಾದ ದೊಡ್ಡ ಕಪ್ಪು ಬಡಗಿ ಜೇನು ಒಣ ಕಟ್ಟಿಗೆ ಕೊರೆದು ಸಂಸಾರ ಹೂಡುತ್ತದೆ. ಚೊಕ್ಕ ತೋಟ ಮಾಡುತ್ತೇವೆಂದು ಹೊರಟಾಗ ಇವರೆಲ್ಲರ ಮನೆಯನ್ನು ಸೌದೆ ಮಾಡುತ್ತೇವೆ ಎಂಬುದು ನನ್ನ ನಿಜವಾದ ಸಂಕಟ.

ಹಾಗೆಂದು ಎಲ್ಲ ಒಣಮರವನ್ನೂ ಬಿಡಿ ಎನ್ನಲಾರೆ. ಕಾಂಡಕೊರಕ ತಗಲಿದ ಕಾಫಿ ಗಿಡವನ್ನು ಕಿತ್ತು ತೋಟದಲ್ಲೇ ಎಸೆದರೆ ಒಳಗಿನ ಹುಳು ಬೆಳೆದು ದುಂಬಿಯಾಗಿ ಹಾರುತ್ತದೆ. ಅದನ್ನು ಸುಡಲೇಬೇಕು, ಇಲ್ಲವೇ ಏಳರಿಂದ ಹತ್ತು ದಿನ ನೀರಿನಲ್ಲಿ ಮುಳುಗಿಸಿಡಬೇಕು. ತೆಂಗಿನ ಕೊಳೆತ ಬೊಡ್ಡೆಯಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮರಿ ಮಾಡುತ್ತದೆ. ತೆಂಗಿರುವ ಕಡೆ ಅಂಥ ಬೊಡ್ಡೆಯನ್ನು ಇಡಬಾರದು. ಇನ್ನೊಂದು, ಹೆಚ್ಚಿನವರು ಮರೆಯುವಂಥದ್ದು: ಕಾಫಿ ಸಾಲಿನ ನಡುವೆ ನೆರಳಿನ ಮರ ಕಡಿದು ಬುಡ ಉಳಿಸಿದರೆ, ಆ ಬೇರಿನ ಮೂಲಕ ಬೇರುಕೊಳೆ ರೋಗ ಸುತ್ತಲ ಗಿಡಗಳಿಗೆ ಹಬ್ಬಬಹುದು. ಅಂಥ ಬುಡವನ್ನು ಕಿತ್ತು ತೆಗೆಸಿ, ರೋಗ ಕಂಡಿದ್ದರೆ ಸುತ್ತ ಅಗಳು ತೋಡಿಸಬೇಕು.

ಇದು ತೋಟದ ಮಾತಾಯಿತು. ಕಾಡಿನಲ್ಲಿ ಈ ಯಾವ ಕಾರಣವೂ ಇಲ್ಲ. 2000ದ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯಬಾರದೆಂದು ತಡೆದಿತು. ಹಾಗಾಗಿ ನಾಗರಹೊಳೆಯಲ್ಲಿ ಬಿದ್ದ ಮರ ಬಿದ್ದಲ್ಲೇ ಮಣ್ಣಾಗಬೇಕು. ಅದರಾಚೆಯ ತೇಗದ ನೆಡುತೋಪುಗಳಿಗೆ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟಗಳಿಗೆ ಆ ರಕ್ಷಣೆಯಿಲ್ಲ. ಎಕರೆಗೆ ಎರಡು ದಪ್ಪ ಒಣಮರವನ್ನಾದರೂ ಅಲ್ಲಿ ಬಿಟ್ಟುಕೊಡಬೇಕೆಂದು ನನ್ನ ಒತ್ತಾಯ.

ಅತ್ತಿಮರ ಕಾಫಿ ಸಾಲಿನಿಂದ ದೂರವಿತ್ತು, ಆದರೆ ಆಳುಗಳು ಓಡಾಡುವ ದಾರಿಯ ಮೇಲೆ ಕೊಂಬೆ ಚಾಚಿತ್ತು. ಕೊಂಬೆಗಳನ್ನಷ್ಟೇ ಇಳಿಸಿ, ಎರಡಾಳೆತ್ತರದ ಬೊಡ್ಡೆಯನ್ನು ನಿಲ್ಲಿಸಿದೆವು. ದಪ್ಪ ತುಂಡುಗಳನ್ನು ನೆರಳಿನಲ್ಲಿ, ನೆಲಕ್ಕೆ ತಾಗುವಂತೆ ಉರುಳಿಸಿಟ್ಟೆವು; ಬಿಸಿಲಿಗೆ ಬಿದ್ದರೆ ಅವು ಒಣಗುತ್ತವೆಯೇ ಹೊರತು ಮೆದುವಾಗುವುದಿಲ್ಲ. ಸೌದೆಯ ಪ್ರಶ್ನೆ ಎತ್ತಿದವರು ತೋಟದಾಳುಗಳ ಲೈನ್‌ಮನೆಯ ಹೆಂಗಸರು, ಅದು ನ್ಯಾಯವಾದ ಪ್ರಶ್ನೆ. ಮರಗಸಿಯಲ್ಲಿ, ಅಂದರೆ ನೆರಳಿನ ಮರದ ಕೊಂಬೆ ಸವರುವಾಗ, ಬೀಳುವ ಸಿಲ್ವರ್ ಓಕ್ ಮತ್ತು ಹಾಲುವಾಣದ ಸಣ್ಣ ಕೊಂಬೆಗಳೆಲ್ಲ ಅವರಿಗೆ, ತೋಳಿಗಿಂತ ದಪ್ಪನೆಯ ಲಡ್ಡು ತುಂಡುಗಳು ಹುಳುಗಳಿಗೆ ಎಂದು ಮಾತಾಯಿತು.