ಬಸುರಿಯಲ್ಲಿ ತಗೊಂಡ ಜ್ವರದ ಮಾತ್ರೆಗೂ ಮಗುವಿನ ಮಾತು ತಡ ಆಗೋದಕ್ಕೂ ಸಂಬಂಧ ಇದೆಯಾ?

ಪ್ರಶ್ನೆ: ಬಸುರಿಯಾಗಿದ್ದಾಗ ಮಳೆಗಾಲದಲ್ಲಿ ಜ್ವರ ಬಂದು ಮೂರ್ನಾಲ್ಕು ದಿನ ಪ್ಯಾರಾಸಿಟಮಾಲ್ ತಗೊಂಡಿದ್ದೆ. ಮಗನಿಗೆ ಈಗ ಮೂರು ವರ್ಷ, ಇನ್ನೂ ಮಾತು ಸರಿಯಾಗಿ ಬಂದಿಲ್ಲ. ಈ ಮಾತ್ರೆಯಿಂದ ಆಟಿಸಂ (ಮಾತಾಡೋದು, ಬೇರೆಯವರ ಜೊತೆ ಬೆರೆಯೋದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಬರುತ್ತೆ ಅಂತ ಅಮೆರಿಕದಲ್ಲಿ ಹೇಳಿದರಂತೆ. ನನ್ನಿಂದಲೇ ಹೀಗಾಯ್ತಾ?
– ಮೂಡಿಗೆರೆ ಕಡೆಯ ಒಬ್ಬ ತಾಯಿ

ಉತ್ತರ: ಇಲ್ಲಮ್ಮ. ನಿಮ್ಮಿಂದ ಹೀಗಾಯ್ತು ಅನ್ನೋಕೆ ಆಧಾರ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಗರ್ಭಿಣಿಯರು ಟೈಲೆನಾಲ್ ತಗೊಳ್ಳಬೇಡಿ ಅಂದರು. ಅಲ್ಲಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಟೈಲೆನಾಲ್ ಅಂದರೆ ಬೇರೇನಲ್ಲ, ನಾವು ಮೆಡಿಕಲ್‌ನಲ್ಲಿ ಡೋಲೋ ಅಂತಲೋ ಕ್ರೋಸಿನ್ ಅಂತಲೋ ಕೇಳಿ ತರುವ ಪ್ಯಾರಾಸಿಟಮಾಲೇ. ಅದಾದ ಎರಡೇ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ಇದಕ್ಕೂ ಆಟಿಸಂಗೂ ನಂಟಿದೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ ಅಂದಿತು. ಆ ಎರಡನೇ ಸುದ್ದಿ ವಾಟ್ಸಾಪ್‌ನಲ್ಲಿ ಅಷ್ಟಾಗಿ ಓಡಲಿಲ್ಲ.

ಹಾಗಂತ ಮೊದಲ ಮಾತು ಗಾಳಿಯಿಂದ ಹುಟ್ಟಿದ್ದೂ ಅಲ್ಲ. ಮಾತ್ರೆ ತಗೊಂಡ ತಾಯಂದಿರ ಮಕ್ಕಳಲ್ಲಿ ಆಟಿಸಂ ಸ್ವಲ್ಪ ಜಾಸ್ತಿ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿತ್ತು. ಗೊಂದಲ ಇರೋದು ಅಲ್ಲೇ.

ನಿಮಗೆ ತೋಟದ ಲೆಕ್ಕ ಗೊತ್ತಿರುತ್ತೆ. ಕೊಳೆರೋಗ ಕಾಣಿಸಿದ, ತಗ್ಗಿನ, ನೆರಳು ಜಾಸ್ತಿ ಇರುವ ಕಡೆಗೇ ನಾವು ಮೊದಲು ಔಷಧಿ ಹೊಡೆಯೋದು. ಮಳೆ ನಿಂತ ಮೇಲೆ ಎಣಿಸಿದರೆ ಔಷಧಿ ಹೊಡೆದ ಜಾಗದಲ್ಲೇ ಕೊಳೆತ ಕಾಯಿ ಜಾಸ್ತಿ ಸಿಗಬಹುದು. ಔಷಧಿಯಿಂದಲೇ ಕೊಳೆ ಬಂತು ಅಂತ ಯಾರಾದರೂ ಹೇಳ್ತಾರಾ?

ಮಾತ್ರೆಯದೂ ಇದೇ ಕಥೆ. ಯಾರೂ ಸುಮ್ನೆ ಪ್ಯಾರಾಸಿಟಮಾಲ್ ನುಂಗೋದಿಲ್ಲ. ಜ್ವರ, ಸೋಂಕು, ಮೈಗ್ರೇನ್, ಸೊಂಟನೋವು, ಏನೋ ಒಂದು ಇರುತ್ತೆ. ಹಾಗಾಗಿ ಮಾತ್ರೆ ತಗೊಂಡವರು ಮತ್ತು ತಗೊಳ್ಳದವರು ಮಾತ್ರೆಯೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಒಂದೇ ಥರ ಇದ್ದರು ಅಂತ ಹೇಳೋಕಾಗಲ್ಲ. ಮಗುವಿಗೆ ತೊಂದರೆ ಆಗಿದ್ದರೆ ಅದು ಮಾತ್ರೆಯಿಂದಲೋ, ಮಾತ್ರೆ ತಗೊಳ್ಳೋ ಹಾಗೆ ಮಾಡಿದ ಕಾಯಿಲೆಯಿಂದಲೋ, ವಂಶದಲ್ಲೇ ಬಂದದ್ದೋ?

ಇದನ್ನು ಬಿಡಿಸೋಕೆ ಸಂಖ್ಯಾಶಾಸ್ತ್ರದವರು ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸೋದು ಬಿಟ್ಟು, ಒಡಹುಟ್ಟಿದವರನ್ನೇ ಹೋಲಿಸೋದು. ಒಬ್ಬಳೇ ತಾಯಿ; ಒಂದು ಮಗು ಹೊಟ್ಟೆಯಲ್ಲಿದ್ದಾಗ ಮಾತ್ರೆ ತಗೊಂಡಿದ್ದಾಳೆ, ಇನ್ನೊಂದಕ್ಕೆ ತಗೊಂಡಿಲ್ಲ. ಮನೆ, ಊಟ, ತಾಯಿಯ ಹಳೆಯ ತಲೆನೋವು, ವಂಶದ ಗುಣ ಬಹುಪಾಲು ಎರಡಕ್ಕೂ ಒಂದೇ. ತಪ್ಪು ಮಾತ್ರೆಯದೇ ಆಗಿದ್ದರೆ ಅಣ್ಣ ತಮ್ಮಂದಿರ ನಡುವೆಯೂ ವ್ಯತ್ಯಾಸ ಕಾಣಬೇಕು, ಅಲ್ವಾ?

ಸ್ವೀಡನ್‌ನಲ್ಲಿ 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ಹಿಡಿದು ಹೀಗೆ ನೋಡಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಹತ್ತು ವರ್ಷದ ಹೊತ್ತಿಗೆ ಆಟಿಸಂ ಗೊತ್ತಾದದ್ದು ಮಾತ್ರೆ ತಗೊಳ್ಳದವರ ಮಕ್ಕಳಲ್ಲಿ ನೂರಕ್ಕೆ 1.33, ತಗೊಂಡವರ ಮಕ್ಕಳಲ್ಲಿ 1.53. ಅಂದರೆ ಸಾವಿರ ಮಕ್ಕಳಲ್ಲಿ 13 ಮತ್ತು 15. ತಾಯಿಯ ಆರೋಗ್ಯ, ಬೇರೆ ಔಷಧಿ ಎಲ್ಲವನ್ನೂ ಲೆಕ್ಕಕ್ಕೆ ತಗೊಂಡಾಗ ಈ ಅಂತರ ಇನ್ನೂ ಕಡಿಮೆಯಾಯಿತು. ಒಡಹುಟ್ಟಿದವರನ್ನು ಹೋಲಿಸಿದಾಗ ಹೆಚ್ಚುಕಮ್ಮಿ ಮಾಯವೇ ಆಯಿತು.

ಈ ವಿಧಾನ ಎಲ್ಲದಕ್ಕೂ ‘ಏನಿಲ್ಲ ಬಿಡಿ’ ಅಂತ ಸರ್ಟಿಫಿಕೇಟ್ ಕೊಡುತ್ತೆ ಅಂದುಕೊಳ್ಳಬೇಡಿ. ಬಸುರಿಯರು ಸಿಗರೇಟು ಸೇದಿದರೆ ಮಗುವಿನ ತೂಕ ಕಡಿಮೆಯಾಗುತ್ತೆ ಅನ್ನೋದು ಅಣ್ಣ ತಮ್ಮಂದಿರ ಹೋಲಿಕೆಯಲ್ಲೂ ಉಳಿದುಕೊಂಡಿದೆ. ಅಪ್ಪ ಸೇದೋದನ್ನೂ ಪಕ್ಕದಲ್ಲಿಟ್ಟು ನೋಡ್ತಾರೆ. ಮನೆಯ ಬಡತನ, ಅಭ್ಯಾಸಗಳೇ ಕಾರಣವಾಗಿದ್ದರೆ ಅಪ್ಪನ ಬೀಡಿಗೂ ಅಷ್ಟೇ ತೂಕ ಇಳಿಯಬೇಕಿತ್ತು. ಇಳಿಯೋದು ಅಮ್ಮ ಸೇದಿದಾಗಲೇ ಬಹಳ ಜಾಸ್ತಿ. ನನ್ನನ್ನು ಕೇಳಿದರೆ, ನಮ್ಮ ಕಡೆ ಬಸುರಿಯರಿಗೆ ಎಚ್ಚರಿಕೆ ಹೇಳಬೇಕಾದದ್ದು ಎಲೆಯಡಿಕೆ ಜೊತೆ ಹಾಕುವ ಹೊಗೆಸೊಪ್ಪಿನ ಬಗ್ಗೆ. ಅದರಿಂದಲೂ ಮಗುವಿನ ತೂಕ ಕಡಿಮೆಯಾಗೋದು ನಮ್ಮ ದೇಶದ ಅಧ್ಯಯನಗಳಲ್ಲೇ ಕಂಡಿದೆ.

ಸ್ವೀಡನ್ ಲೆಕ್ಕದಲ್ಲೂ ಒಂದು ಕೊರತೆ ಇದೆ. ಅಲ್ಲಿ ಮಾತ್ರೆ ತಗೊಂಡವರು ಅಂತ ದಾಖಲಾದದ್ದು ನೂರಕ್ಕೆ 7.5 ಮಾತ್ರ. ಬೇರೆ ಕಡೆ ಕೇಳಿದರೆ ಅರ್ಧದಷ್ಟು ಗರ್ಭಿಣಿಯರು ತಗೊಂಡಿದ್ದೇವೆ ಅಂತಾರೆ. ಚೀಟಿ ಇಲ್ಲದೆ ಸಿಗುವ ಮಾತ್ರೆ, ಎಲ್ಲವೂ ದಾಖಲೆಗೆ ಬರಲ್ಲ. ನಿಮ್ಮ ತಾಯಿ ಕಾರ್ಡನ್ನೇ ತೆಗೆದು ನೋಡಿ. ತೂಕ, ಬಿಪಿ, ಹಿಮೋಗ್ಲೋಬಿನ್, ಕಬ್ಬಿಣದ ಮಾತ್ರೆ, ಇಂಜೆಕ್ಷನ್ ಎಲ್ಲದಕ್ಕೂ ಜಾಗ ಇದೆ. ಆ ಮಳೆಗಾಲದಲ್ಲಿ ಅಂಗಡಿಯಿಂದ ತರಿಸಿದ ಸ್ಟ್ರಿಪ್ಪು ಎಲ್ಲೂ ಇರಲ್ಲ. ವರ್ಷಗಟ್ಟಲೆ ಆದ ಮೇಲೆ ತಾಯಂದಿರ ನೆನಪಿನಿಂದ ಕೇಳಿ ಬರೆದರೆ ಇನ್ನೊಂದು ತೊಡಕು. ಮಗು ಚೆನ್ನಾಗಿದ್ದವರು ಮಾತ್ರೆ ಮರೆತಿರ್ತಾರೆ. ಮಗುವಿಗೆ ಏನೋ ತೊಂದರೆ ಕಂಡವರು ನಿಮ್ಮ ಹಾಗೆ ಒಂದೊಂದು ದಿನವನ್ನೂ ಕೆದಕಿ ನೆನಪು ಮಾಡಿಕೊಂಡಿರ್ತಾರೆ.

ಈಗ ಗರ್ಭಿಣಿಯಾಗಿ ಇದನ್ನು ಓದುತ್ತಿರುವವರಿಗೂ ಒಂದು ಮಾತು. ಜ್ವರ ಬಂದರೆ ಹೆದರಿ ಸುಮ್ಮನೆ ಕೂರಬೇಡಿ. ಮೊದಲ ತಿಂಗಳುಗಳ ಜೋರು ಜ್ವರಕ್ಕೂ ಮಗುವಿನ ಬೆನ್ನುಹುರಿಯ ದೋಷಕ್ಕೂ ನಂಟು ಕಂಡಿದೆ. ಡಾಕ್ಟರ್ ಹೇಳಿದಷ್ಟು, ಹೇಳಿದಷ್ಟೇ ದಿನ ಮಾತ್ರೆ ತಗೊಳ್ಳಿ.

ಇನ್ನು ನಿಮ್ಮ ಮಗ. ಲಕ್ಷಾಂತರ ಮಕ್ಕಳ ಲೆಕ್ಕ ನೋಡಿ ಒಂದು ಮಗುವಿಗೆ ಯಾಕೆ ಮಾತು ಬಂದಿಲ್ಲ ಅಂತ ಹೇಳೋಕಾಗಲ್ಲ. ಮಾತು ತಡವಾದ ಮಕ್ಕಳಿಗೆಲ್ಲ ಆಟಿಸಂ ಇರಲ್ಲ, ಕೆಲವರಿಗೆ ಕಿವಿಯೇ ಸರಿಯಾಗಿ ಕೇಳಿಸ್ತಿರಲ್ಲ. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿ, ಇಲ್ಲವೇ ಜಿಲ್ಲಾಸ್ಪತ್ರೆಯ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಮಾತು ಮತ್ತು ಕಿವಿಯ ತೊಂದರೆಗೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರ ಅಂತ ಮುಂದಕ್ಕೆ ಹಾಕಬೇಡಿ, ಮೂರು ವರ್ಷ ಅಂದರೆ ಥೆರಪಿ ಶುರು ಮಾಡೋಕೆ ಒಳ್ಳೆಯ ವಯಸ್ಸು. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ. ಹೆರಿಗೆ ಹೇಗಾಯ್ತು, ಹುಟ್ಟಿದಾಗ ತೂಕ ಎಷ್ಟಿತ್ತು, ಕಾಮಾಲೆ ಬಂದಿತ್ತಾ ಅಂತ ಅಲ್ಲಿ ಕೇಳೇ ಕೇಳ್ತಾರೆ.